ಗರ್ಭಸ್ರಾವದ ನಂತರ ಮೈ ಚೇತರಿಕೆ

ಗರ್ಭಸ್ರಾವವಾದ ಮೇಲೆ ರಕ್ತ ಹೋಗುವುದು ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ನಿಲ್ಲುತ್ತದೆ. 4ರಿಂದ 6 ವಾರದಲ್ಲಿ ಮುಟ್ಟು ಬರುತ್ತದೆ. ಅದಕ್ಕೂ ಮೊದಲೇ ಮತ್ತೆ ಗರ್ಭ ನಿಲ್ಲಬಹುದು.

ಸತತ ಎರಡು ಗಂಟೆ, ಗಂಟೆಗೊಂದು ಪ್ಯಾಡ್ ಪೂರ್ತಿ ನೆನೆದರೆ, 100.4 ಡಿಗ್ರಿ ಜ್ವರ ಬಂದರೆ, ಸ್ರಾವ ನಾರಿದರೆ ಬೆಳಗಾಗಲೆಂದು ಕಾಯಬೇಡಿ, ಆಸ್ಪತ್ರೆಗೆ ಹೊರಡಿ. ರಕ್ತದ ಗುಂಪು ನೆಗೆಟಿವ್ ಇದ್ದರೆ ಆಂಟಿ-ಡಿ ಚುಚ್ಚುಮದ್ದು ಬೇಕೇ ಎಂದು ಅಂದೇ ಕೇಳಿ; 72 ಗಂಟೆಯೊಳಗೆ ಕೊಡಿಸಬೇಕು. ಆರೈಕೆಗೆ ಗಡಿಯಾಚೆಯ ತವರಿಗೆ ಹೋಗುವವರು ಡಿಸ್ಚಾರ್ಜ್ ಚೀಟಿ, ಸ್ಕ್ಯಾನ್ ವರದಿ ಮರೆಯದೆ ಒಯ್ಯಿರಿ. ಮರುತಪಾಸಣೆ ಅಲ್ಲೇ ಆಗುವುದಲ್ಲವೇ?

ಹೆರಿಗೆ ಸೌಲಭ್ಯ ಕಾನೂನಿನ ವ್ಯಾಪ್ತಿಗೆ ಬರುವ ಉದ್ಯೋಗಸ್ಥೆಗೆ ಗರ್ಭಸ್ರಾವಕ್ಕೂ 6 ವಾರ ಸಂಬಳದ ರಜೆಯುಂಟು. ಸಂಕೋಚದಿಂದ ಕೇಳದೇ ಬಿಡುವವರೇ ಹೆಚ್ಚು. ವೈದ್ಯರ ಪ್ರಮಾಣಪತ್ರ ಲಗತ್ತಿಸಿ ಅರ್ಜಿ ಕೊಡಿ.