ಸ್ಮಾರ್ತವಿಚಾರ

ಕೇರಳದ ನಂಬೂದಿರಿ ಮನೆತನಗಳಲ್ಲಿ ಸ್ತ್ರೀಯ ಶೀಲದ ವಿಷಯದಲ್ಲಿ ಶಂಕೆಯುಂಟಾದರೆ, ಅರಸನ ಅಪ್ಪಣೆ ಪಡೆದು ‘ಸ್ಮಾರ್ತವಿಚಾರ’ವನ್ನು ನಡೆಯಿಸುವ ಸಂಪ್ರದಾಯವಿದ್ದಿತು. ಮೊದಲು ದಾಸಿಯನ್ನು ವಿಚಾರಿಸಿ, ಬಳಿಕ ಆಕೆಯನ್ನು ಪ್ರತ್ಯೇಕವಾಗಿರಿಸುತ್ತಿದ್ದರು. ಅಂದಿನಿಂದ ಆಕೆಗೆ ‘ಸಾಧನಂ’ ಎಂದೇ ಹೆಸರು. ವ್ಯಾಕರಣಜ್ಞರಾದ ವಾಚಕರು ಗಮನಿಸತಕ್ಕುದು: ಆ ಶಬ್ದವು ನಪುಂಸಕಲಿಂಗದ್ದು. ತೀರ್ಪಿಗೆ ಮೊದಲೇ ಹೆಣ್ಣು ವಸ್ತುವಾದಳು. ದೋಷವು ಸ್ಥಿರಪಟ್ಟರೆ, ಬದುಕಿರುವಾಗಲೇ ಬಂಧುಗಳು ಆಕೆಗೆ ಉತ್ತರಕ್ರಿಯೆಯನ್ನು ಮಾಡಿಬಿಡುತ್ತಿದ್ದರು.

1905ರಲ್ಲಿ ಕೊಚ್ಚಿ ರಾಜ್ಯದಲ್ಲಿ ಕುರಿಯೇಡತ್ತು ತಾತ್ರಿಯೆಂಬಾಕೆ ಈ ವಿಚಾರಣೆಗೆ ಗುರಿಯಾದಳು. ತಾನೊಬ್ಬಳೇ ಪತಿತೆಯೆನಿಸಲೊಪ್ಪದೆ, 60ಕ್ಕೂ ಹೆಚ್ಚು ಮಂದಿ ಪುರುಷರನ್ನು ಗುರುತುಸಹಿತವಾಗಿ ಹೆಸರಿಸಿದಳು. ಅವರಿಗೆ ಮರುಪ್ರಶ್ನೆಯ ಅವಕಾಶವನ್ನಿತ್ತರೂ ಬಹಿಷ್ಕಾರವು ತಪ್ಪಲಿಲ್ಲ.

ಈ ನ್ಯಾಯವು ಕಾಯುತ್ತಿದ್ದುದು ಧರ್ಮವನ್ನೋ, ಮನೆತನದ ಮಾನವನ್ನೋ? ಮಾನವಜೀವವನ್ನು ನಪುಂಸಕಲಿಂಗದಿಂದ ಕರೆದ ಪೀಠವು ಧರ್ಮಪೀಠವೆನಿಸಲಾರದು.