ಹೊಟ್ಟೆಗೆ ಹಾಕಿಕೊಳ್ಳಿ

ಸರ್ಕಾರಿ ಕಾಗದದಲ್ಲಿ ‘ಕ್ಷಮಾದಾನ’, ಕೋರ್ಟಿನಲ್ಲಿ ‘ಬೇಷರತ್ ಕ್ಷಮೆ’, ಬಸ್ಸಿನಲ್ಲಿ ಕಾಲು ತುಳಿದರೆ ‘ಸಾರಿ’. ಸಂಬಂಧವೇ ಮುರಿದುಬಿಡಬಹುದು ಎಂಬ ಭಯ ಇದ್ದಾಗ ಮಾತ್ರ ಕನ್ನಡಿಗರ ಬಾಯಲ್ಲಿ ಬರುವ ಮಾತೇ ಬೇರೆ. ಮದುವೆ ಮುಗಿದ ಮೇಲೆ ಹೆಣ್ಣಿನ ತಂದೆ ಬೀಗರಿಗೆ ಕೈಮುಗಿದು, ‘ಏನಾದರೂ ಹೆಚ್ಚುಕಮ್ಮಿ ಆಗಿದ್ದರೆ ಹೊಟ್ಟೆಗೆ ಹಾಕ್ಕೊಳ್ಳಿ’ ಎನ್ನುತ್ತಾರೆ. ನಡೆದದ್ದು ನಡೆದೇ ಇಲ್ಲ ಎಂದು ಈ ಮಾತು ಸುಳ್ಳು ಹೇಳುವುದಿಲ್ಲ. ತಪ್ಪು ಆಗಿದೆ, ಅದನ್ನು ಅರಗಿಸಿಕೊಳ್ಳುವ ಶಕ್ತಿ ನಿಮಗಿದೆ ಎಂದು ಒಪ್ಪಿಕೊಳ್ಳುತ್ತದೆ.

ಹಾಗೆ ಅರಗಿಸಿಕೊಂಡವರು ಎಂದಾಗ ನನಗೆ ನೆನಪಾಗುವುದು 1908ರ ಫೆಬ್ರುವರಿ 10ರ ಜೋಹಾನ್ಸ್‌ಬರ್ಗ್. ಸ್ವಇಚ್ಛೆಯಿಂದ ನೋಂದಣಿ ಮಾಡಿಸಿಕೊಂಡರೆ ಏಷ್ಯಾದವರ ಮೇಲಿನ ಕರಾಳ ಕಾನೂನು ರದ್ದಾಗುತ್ತದೆಂದು ನಂಬಿ, ಗಾಂಧಿ ಅಲ್ಲಿನ ಸರ್ಕಾರದ ಜನರಲ್ ಸ್ಮಟ್ಸ್ ಜೊತೆ ರಾಜಿಯಾಗಿದ್ದರು. ಅದು ದ್ರೋಹವೆಂದು ತಿಳಿದ ಮೀರ್ ಆಲಮ್ ಎಂಬ ಪಠಾಣ, ಅವರದೇ ಹಳೆಯ ಕಕ್ಷಿದಾರ, ನೋಂದಣಿ ಕಚೇರಿಗೆ ಹೊರಟಿದ್ದ ಗಾಂಧಿಯ ತಲೆಗೆ ದೊಣ್ಣೆಯಿಂದ ಹೊಡೆದ. ಪ್ರಜ್ಞೆ ಬಂದಾಗ ಗಾಂಧಿ ಕೇಳಿದ್ದು ಮೀರ್ ಆಲಮ್ ಎಲ್ಲಿ ಎಂದು. ಪೊಲೀಸರು ಹಿಡಿದಿದ್ದಾರೆ ಎಂದಾಗ, ಬಿಟ್ಟುಬಿಡಬೇಕು ಎಂದರು. ಮೊಕದ್ದಮೆ ಬೇಡವೆಂದು ಅಟಾರ್ನಿ ಜನರಲ್‌ಗೆ ತಂತಿ ಕಳಿಸಿದರು. ಪಾದ್ರಿ ಡೋಕ್ ಅವರ ಮನೆಯಲ್ಲಿ ಕೆನ್ನೆ, ತುಟಿಗೆ ಹೊಲಿಗೆ ಬಿತ್ತು. ನೋವಿನಲ್ಲೇ ಬೆರಳಚ್ಚು ಕೊಟ್ಟು ನೋಂದಣಿ ಮುಗಿಸಿದರು. ನಡುಬೀದಿಯ ಹಲ್ಲೆ ಖಾಸಗಿ ಜಗಳವಲ್ಲ ಎಂದು ಊರಿನ ಬಿಳಿಯರು ಪಟ್ಟುಹಿಡಿದಿದ್ದರಿಂದ ಮೀರ್ ಆಲಮ್‌ಗೆ ಮೂರು ತಿಂಗಳ ಕಠಿಣ ಸಜೆಯಾಯಿತು. ಅವನ ವಿರುದ್ಧ ಗಾಂಧಿ ಸಾಕ್ಷಿ ಹೇಳಲಿಲ್ಲ.

ಕಾನೂನು ರದ್ದಾಗಲಿಲ್ಲ. ತಮ್ಮ ಮೇಲೆ ಬಿದ್ದ ಏಟನ್ನು ಹೊಟ್ಟೆಗೆ ಹಾಕಿಕೊಂಡ ಗಾಂಧಿ ಜನರಿಗಾದ ಈ ಮೋಸವನ್ನು ನುಂಗಿ ಕೂರಲಿಲ್ಲ. ಅದೇ ವರ್ಷದ ಆಗಸ್ಟ್ 16ರಂದು ಹಮೀದಿಯಾ ಮಸೀದಿಯ ಅಂಗಳದಲ್ಲಿ ದೊಡ್ಡ ಕಬ್ಬಿಣದ ಕಡಾಯಿಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ನೋಂದಣಿ ಪತ್ರಗಳು ಸುಟ್ಟವು. ಆ ಸಭೆಗೆ ಮೀರ್ ಆಲಮ್ ಬಂದಿದ್ದ. ಹೊಡೆದದ್ದು ತಪ್ಪಾಯಿತೆಂದು ಎಲ್ಲರೆದುರು ಹೇಳಿ, ತನ್ನ ಹಳೆಯ ಪತ್ರವನ್ನೂ ಸುಡಲು ಕೊಟ್ಟ. ಗಾಂಧಿ ಅವನ ಕೈ ಹಿಡಿದು, ನಿನ್ನ ಮೇಲೆ ನನಗೆ ಎಂದೂ ಸಿಟ್ಟಿರಲಿಲ್ಲ ಎಂದರು.

‘ಹೊಟ್ಟೆಗೆ ಹಾಕಿಕೊಳ್ಳಿ’ ಎಂಬ ಮಾತಿಗೆ ನಮ್ಮಲ್ಲಿ ಇನ್ನೊಂದು ಬಳಕೆಯಿದೆ, ಅದನ್ನು ಕೇಳಿದರೆ ನನ್ನ ಮೈ ಉರಿಯುತ್ತದೆ. ಗಂಡನ ಕೈಲಿ ಏಟು ತಿಂದು ತವರಿಗೆ ಬಂದ ಮಗಳಿಗೆ ಹಿರಿಯರು, ‘ಹೊಟ್ಟೆಗೆ ಹಾಕ್ಕೊಂಡು ಹೋಗಮ್ಮ’ ಎನ್ನುತ್ತಾರೆ. ಹೊಡೆದವನು ಅಲ್ಲಿ ಇರುವುದೇ ಇಲ್ಲ, ತಪ್ಪೆಂದು ಒಪ್ಪಿರುವುದೂ ಇಲ್ಲ. ಊರಿನ ದೊಡ್ಡವರು ಕೇರಿಯವರಿಗೆ ಹೇಳುವ ಬುದ್ಧಿವಾದವೂ ಇದೇ. ಗಾಂಧಿಗೆ ಯಾರೂ ಹಾಗೆ ಹೇಳಿರಲಿಲ್ಲ. ಏಟು ಅವರದು, ಕ್ಷಮಿಸುವ ತೀರ್ಮಾನವೂ ಅವರದೇ ಆಗಿತ್ತು. ಪೆಟ್ಟು ತಿಂದವರು ನಿಮ್ಮ ಮನೆ ಬಾಗಿಲಿಗೆ ಬಂದರೆ ದಯವಿಟ್ಟು ಆ ಮಾತನ್ನು ನೀವು ಆಡಬೇಡಿ. ಹೊಡೆದವನ ಬಳಿ ಹೋಗಿ, ‘ತಪ್ಪಾಯ್ತು ಅಂತ ಹೇಳು’ ಎನ್ನಿ.