ಮಣ್ಣಿನ ಕಬ್ಬಿಣ, ನೆತ್ತರಿನ ಕಬ್ಬಿಣ

ಸೇಲಂ ಸೀಮೆಯ ಚರಿತ್ರೆಯನ್ನು ಬರೆಯುವವರು ಕಬ್ಬಿಣವನ್ನು ಬಿಟ್ಟು ಮುಂದೆ ಸಾಗಲಾರರು. ನಮ್ಮ ಮೇಚೇರಿಗೆ ನೆರೆಯಾದ ಮೆಟ್ಟೂರಿನ ಸಮೀಪ, ಮಾಂಗಾಡು ಎಂಬಲ್ಲಿ ದೊರೆತ ಕಬ್ಬಿಣದ ಕತ್ತಿಯೊಂದರ ಕಾಲವು ಕ್ರಿ.ಪೂ. 1604 ಮತ್ತು 1416ರ ನಡುವಣದೆಂದು ಕಾಲಮಾಪನ ಪರೀಕ್ಷೆಯಿಂದ ತಿಳಿದುಬಂದಿದೆ. ಸೇಲಂ ನಗರದ ಪಕ್ಕದ ಕಂಜಮಲೆ ಕಬ್ಬಿಣದ ಅದಿರನ್ನು ಒಡಲಲ್ಲಿಟ್ಟುಕೊಂಡ ಬೆಟ್ಟ. ಈ ಸೀಮೆಯ ಅದಿರನ್ನೇ ನೆಚ್ಚಿ ಜೋಸೈಯಾ ಮಾರ್ಷಲ್ ಹೀತ್ ಎಂಬ ಆಂಗ್ಲನು 1830ರ ಸುಮಾರಿಗೆ ಪರಂಗಿಪೇಟೆಯಲ್ಲಿ ಕುಲುಮೆಗಳನ್ನು ಹೂಡಿದನು. 1982ರಲ್ಲಿ ಸೇಲಂ ಉಕ್ಕಿನ ಕಾರ್ಖಾನೆಯು ಉತ್ಪಾದನೆಯನ್ನು ಆರಂಭಿಸಿತು.

ಇಂತಹ ನೆಲದಲ್ಲಿ ಹುಟ್ಟಿದ ಹೆಣ್ಣುಮಕ್ಕಳ ನೆತ್ತರಿಗೆ ಕಬ್ಬಿಣದ ಬಡತನವಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ರಕ್ತಹೀನತೆಯುಳ್ಳವರು ತಮಿಳುನಾಡಿನಲ್ಲಿ ಶೇ. 53.4, ಕರ್ನಾಟಕದಲ್ಲಿ ಶೇ. 47.8. ಗಡಿಯ ಈಚೆಯಲ್ಲಿದ್ದರೂ ಆಚೆಯಲ್ಲಿದ್ದರೂ ಸ್ಥಿತಿ ಹೆಚ್ಚು ಭಿನ್ನವಲ್ಲ. ಎಲ್ಲ ರಕ್ತಹೀನತೆಗೂ ಕಬ್ಬಿಣದ ಕೊರತೆಯೇ ಕಾರಣವಲ್ಲ; ಕೊಕ್ಕೆಹುಳು, ಅಧಿಕ ರಕ್ತಸ್ರಾವ, ಇತರ ಪೋಷಕಾಂಶಗಳ ಅಭಾವವೂ ಇವೆ. ಆದರೂ ಮುಖ್ಯ ಕಾರಣಗಳಲ್ಲಿ ಅದು ಮೊದಲನೆಯದು.

ಈ ವ್ಯಾಧಿಯನ್ನು ನಮ್ಮ ಹಿರಿಯರು ಅರಿಯದವರಲ್ಲ. ಮೈ ಬಿಳಿಚಿ, ಏದುಸಿರು ಬಂದು, ಬಲ ಕುಂದುವ ಪಾಂಡುರೋಗವನ್ನು ಚರಕಸಂಹಿತೆ ವಿವರಿಸುತ್ತದೆ. ಅದಕ್ಕೆ ಲೋಹಚೂರ್ಣ ಬೆರೆತ ಔಷಧಗಳನ್ನು ವಿಧಿಸುತ್ತದೆ. ರಕ್ತದಲ್ಲಿ ಕಬ್ಬಿಣವಿದೆಯೆಂದು ಫ್ರಾನ್ಸಿನ ವಿದ್ವಾಂಸರು ಹದಿನೆಂಟನೆಯ ಶತಮಾನದ ಆರಂಭದಲ್ಲಿ ತೋರಿಸಿಕೊಟ್ಟರು. 1832ರಲ್ಲಿ ಅದೇ ದೇಶದ ವೈದ್ಯ ಬ್ಲೋ ಕಬ್ಬಿಣದ ಗುಳಿಗೆಯನ್ನು ಬಳಕೆಗೆ ತಂದನು. ಮದ್ದಾಗಿ ಕಬ್ಬಿಣದ ಚರಿತ್ರೆ ಹೀಗೆ ಪುರಾತನವಾದುದು. ಅನ್ನವಾಗಿ ಕಬ್ಬಿಣದ ಚರಿತ್ರೆಯನ್ನು ಮಾತ್ರ ನಾವು ಅಡುಗೆಮನೆಯಲ್ಲಿ ಹುಡುಕಬೇಕು.

ಕನ್ನಡ ಸಾಹಿತ್ಯದಲ್ಲಿ ಧಾನ್ಯಗಳ ವ್ಯಾಜ್ಯವನ್ನೇ ವಸ್ತುವಾಗಿಸಿಕೊಂಡ ಕಾವ್ಯವೊಂದುಂಟು. ಕನಕದಾಸರ 'ರಾಮಧಾನ್ಯ ಚರಿತೆ'ಯಲ್ಲಿ ರಾಗಿಗೂ ನೆಲ್ಲಿಗೂ ಹಿರಿಮೆಯ ವಾದ ಹುಟ್ಟಿ, ಶ್ರೀರಾಮನ ಸನ್ನಿಧಿಯಲ್ಲಿ ರಾಗಿಗೆ ಗೆಲುವಾಗುತ್ತದೆ. ಇಂದಿನ ಪ್ರಯೋಗಶಾಲೆಯೂ ಆ ತೀರ್ಪಿನ ಬಳಿಗೇ ಬಂದಿದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಆಹಾರ ಕೋಷ್ಟಕದಂತೆ, ನೂರು ಗ್ರಾಂ ಪಾಲಿಶ್ ಅಕ್ಕಿಯಲ್ಲಿ ಸುಮಾರು 0.65 ಮಿಲಿಗ್ರಾಂ ಕಬ್ಬಿಣವಿದ್ದರೆ ರಾಗಿಯಲ್ಲಿ 4.6, ಸಜ್ಜೆಯಲ್ಲಿ 6.4, ಹುರುಳಿಯಲ್ಲಿ 8.8 ಮಿಲಿಗ್ರಾಂ ಇದೆ. ಮಳೆಯನ್ನೇ ನಂಬಿದ ಮೇಚೇರಿ–ಧರ್ಮಪುರಿ ಸೀಮೆಯ ಮೇಡುಭೂಮಿಗಳಲ್ಲಿ ಒಗ್ಗಿ ಬೆಳೆಯುವವೂ ಇವೇ ಧಾನ್ಯಗಳು.

ಆದರೆ ರಾಗಿ ಗೆದ್ದಿತೆಂದು ಇಲ್ಲಿಗೇ ನಿಲ್ಲುವಂತಿಲ್ಲ. ತಟ್ಟೆಯಲ್ಲಿರುವ ಕಬ್ಬಿಣವೆಲ್ಲ ನೆತ್ತರಿಗೆ ಸೇರುವುದಿಲ್ಲ. ಮಾಂಸದಲ್ಲಿರುವ ಕಬ್ಬಿಣವು ಸುಲಭವಾಗಿ ಕರುಳನ್ನು ದಾಟುತ್ತದೆ. ಕಾಳು, ಸೊಪ್ಪುಗಳಲ್ಲಿರುವ ಕಬ್ಬಿಣದಲ್ಲಿ ಸಣ್ಣ ಪಾಲು ಮಾತ್ರ ಒಳಹೋಗುತ್ತದೆ. ಕಾಳಿನ ಸಿಪ್ಪೆಯಲ್ಲಿರುವ ಫೈಟೇಟ್ ಎಂಬ ವಸ್ತುವೂ ಒಗರಿಗೆ ಕಾರಣವಾದ ಟ್ಯಾನಿನ್ನೂ ಅದನ್ನು ಹಿಡಿದಿಟ್ಟುಕೊಳ್ಳುತ್ತವೆ. ರಾಗಿಯ ಕೆಂಗಂದು ಸಿಪ್ಪೆಯಲ್ಲಿ ಇವೆರಡೂ ಉಂಟು. ಹುಳಿಹಣ್ಣುಗಳಲ್ಲಿರುವ ಸಿ ಜೀವಸತ್ವವಾದರೋ ಇದಕ್ಕೆ ಪ್ರತಿಯಾಗಿ ನಿಂತು, ಕಬ್ಬಿಣವನ್ನು ಕರುಳು ಹೀರಿಕೊಳ್ಳಬಲ್ಲ ರೂಪಕ್ಕೆ ತರುತ್ತದೆ. ಯಕೃತ್ತಿನಲ್ಲಿ ಹುಟ್ಟುವ ಹೆಪ್ಸಿಡಿನ್ ಎಂಬ ಹಾರ್ಮೋನು ದ್ವಾರಪಾಲಕನಂತೆ ಎಷ್ಟು ಕಬ್ಬಿಣ ಒಳಬರಬೇಕೆಂದು ನಿರ್ಣಯಿಸುತ್ತದೆಂಬುದು ತಿಳಿದದ್ದು ಈ ಶತಮಾನದ ಆದಿಯಲ್ಲಿ. ಸಂಗ್ರಹ ಕಡಮೆಯಾದಾಗ ಅದು ಬಾಗಿಲನ್ನು ತೆರೆಯಗೊಡುತ್ತದೆ. ಸೋಂಕು ತಗುಲಿದಾಗ ಮುಚ್ಚುತ್ತದೆ.

ಈ ಯಾವ ಹೆಸರನ್ನೂ ಕೇಳದ ನಮ್ಮ ಅಜ್ಜಿಯರು ಹುರುಳಿಯನ್ನು ನೆನೆಹಾಕಿ ಮೊಳಕೆ ಕಟ್ಟಿದರು; ರಾಗಿಯನ್ನು ಮೊಳೆಸಿ ಹುರಿದು ಹಿಟ್ಟು ಮಾಡಿದರು; ಅಂಬಲಿಯನ್ನು ರಾತ್ರಿಯಿಡೀ ಹುಳಿಯಲು ಬಿಟ್ಟರು. ಮೊಳಕೆಯೊಡೆಯುವಾಗಲೂ ಹುಳಿಯುವಾಗಲೂ ಫೈಟೇಟ್ ಒಡೆದು ಕಬ್ಬಿಣಕ್ಕೆ ಬಿಡುಗಡೆಯಾಗುತ್ತದೆ. ಬೆರಕೆ ಸೊಪ್ಪಿನ ಸಾರಿಗೆ ನಿಂಬೆಹಣ್ಣನ್ನು ಹಿಂಡುವುದು, ಊಟದೊಡನೆ ನೆಲ್ಲಿಕಾಯಿಯನ್ನು ಕಚ್ಚುವುದು, ಕಬ್ಬಿಣದ ಬಾಣಲೆಯಲ್ಲಿ ಹುಳಿ ಸೇರಿಸಿ ಬೇಯಿಸುವುದು ಇವೆಲ್ಲ ರುಚಿಗಾಗಿಯೇ ನಡೆದಿರಬಹುದು. ಫಲ ಮಾತ್ರ ರುಚಿಯನ್ನು ಮೀರಿದುದಾಗಿತ್ತು.

ಸಸ್ಯಾಹಾರಕ್ಕೂ ರಕ್ತಹೀನತೆಗೂ ಇರುವ ನಂಟಿನ ಮತ್ತೊಂದು ಅಧ್ಯಾಯ ನಮ್ಮ ಭಾಗದಲ್ಲೇ ನಡೆಯಿತು. 1928ರಲ್ಲಿ ಭಾರತಕ್ಕೆ ಬಂದ ಆಂಗ್ಲ ವೈದ್ಯೆ ಲೂಸಿ ವಿಲ್ಸ್, ಮುಂಬಯಿಯ ಬಡ ಗರ್ಭಿಣಿಯರ ರಕ್ತಹೀನತೆಯನ್ನು ಅಭ್ಯಸಿಸಿ, ನೀಲಗಿರಿಯ ಕುನ್ನೂರಿನಲ್ಲಿ ಇಲಿಗಳ ಮೇಲೆ ಪ್ರಯೋಗ ನಡೆಸಿದರು. ಆ ತಾಯಂದಿರಿಗೆ ಯೀಸ್ಟಿನ ಸಾರವನ್ನು ಉಣಿಸಿದಾಗ ರಕ್ತ ಚೇತರಿಸಿತೆಂದು 1931ರಲ್ಲಿ ಪ್ರಕಟಿಸಿದರು. ಅದರಲ್ಲಿದ್ದ ಗುಣಕಾರಿ ವಸ್ತುವನ್ನು 1941ರಲ್ಲಿ ಪಾಲಕ್ ಸೊಪ್ಪಿನಿಂದ ಬೇರ್ಪಡಿಸಿ, ಎಲೆ ಎಂಬರ್ಥದ ಲ್ಯಾಟಿನ್ ಪದದಿಂದ ಫೋಲಿಕ್ ಆಮ್ಲವೆಂದು ಹೆಸರಿಟ್ಟರು. ಇಂದು ಗರ್ಭಿಣಿಯರಿಗೆ ಕೊಡುವ ಗುಳಿಗೆಯಲ್ಲಿ ಕಬ್ಬಿಣದೊಡನೆ ಈ ಸೊಪ್ಪಿನ ಸತ್ವವೂ ಕೂಡಿರುತ್ತದೆ.

ಆಮೇಲಿನ ದಶಕಗಳಲ್ಲಿ ನಮ್ಮ ತಟ್ಟೆ ಬೆಳ್ಳಗಾಯಿತು. ಅಕ್ಕಿಯ ಅನ್ನ ಅಂತಸ್ತಿನ ಗುರುತಾಯಿತು. ಮುದ್ದೆ ಬಡವರ ಊಟವೆನಿಸಿತು. ಉಂಡ ಕೂಡಲೇ ಕಾಪಿ, ಟೀ ಕುಡಿಯುವ ರೂಢಿ ಬಂದಿತು. ಇವುಗಳ ಒಗರು ಊಟದ ಕಬ್ಬಿಣವನ್ನು ಗಣನೀಯವಾಗಿ ತಡೆಯುತ್ತದೆ. ಹಾಗೆಂದು ಹಳೆಯದೆಲ್ಲ ಹೊನ್ನೆಂದು ಹೇಳಿದರೆ ಅದು ಚರಿತ್ರೆಗೆ ಅಪಚಾರ. ಮೊಳಕೆ ಕಟ್ಟಿದ ಕೈಗೇ ಮನೆಯಲ್ಲಿ ಕೊನೆಯ ಪಾಲು ದೊರೆಯುತ್ತಿತ್ತು. ಗಂಡಸರೂ ಮಕ್ಕಳೂ ಉಂಡ ಬಳಿಕ ತಳದಲ್ಲಿ ಉಳಿದುದೇ ಆಕೆಯ ಊಟ. ತಿಂಗಳು ತಿಂಗಳು ರಕ್ತ ಕಳೆದುಕೊಂಡು, ಮೇಲಿಂದ ಮೇಲೆ ಹೆತ್ತವಳಿಗೆ ಬೇಕಾದುದು ಹೆಚ್ಚು, ಸಿಕ್ಕುತ್ತಿದ್ದುದು ಕಡಮೆ. ಅಡುಗೆಯಲ್ಲಿದ್ದ ವಿವೇಕ ಬಡಿಸುವುದರಲ್ಲಿ ಇರಲಿಲ್ಲ.

1970ರಿಂದ ಸರಕಾರ ಕಬ್ಬಿಣದ ಗುಳಿಗೆಗಳನ್ನು ಹಂಚುತ್ತಿದೆ. ಈಚಿನ ವರ್ಷಗಳಲ್ಲಿ ಪಡಿತರದ ಅಕ್ಕಿಗೂ ಕಬ್ಬಿಣ ಸೇರಿಸಲಾಗಿತ್ತು. ರಕ್ತಹೀನತೆ ಬಂದವರಿಗೆ ಗುಳಿಗೆಯೇ ಮೊದಲ ಮದ್ದು. ಸೊಪ್ಪಿನ ಸಾರನ್ನು ನಂಬಿ ವೈದ್ಯರ ಮಾತನ್ನು ತಳ್ಳಿಹಾಕಬಾರದು. ಆದರೆ ಗುಳಿಗೆ ತುಂಬಿಕೊಟ್ಟುದನ್ನು ಉಳಿಸಿಕೊಳ್ಳುವ ಕೆಲಸ ದಿನದಿನದ ಊಟದ್ದು.

ಸಂಘದ ಸದಸ್ಯರಲ್ಲಿ ಒಂದು ಬಿನ್ನಹ. ತಮಿಳುನಾಡಿನಲ್ಲಿ ನೆಲೆಸಿದ ನಾವು ಕನ್ನಡವನ್ನು ಬಹುಮಟ್ಟಿಗೆ ಅಡುಗೆಮನೆಯಲ್ಲಿ ಉಳಿಸಿಕೊಂಡು ಬಂದವರು. ಹೊನಗೊನೆ, ಅಣ್ಣೆ, ದಂಟು, ನುಗ್ಗೆ ಎಂಬ ಸೊಪ್ಪಿನ ಹೆಸರುಗಳು ಹಿರಿಯ ಹೆಂಗಸರ ಬಾಯಲ್ಲಿ ಇನ್ನೂ ಇವೆ. ಹೆಸರು ಮರೆತರೆ ಹೊಲದ ಬದುವಿನಲ್ಲಿ ಸೊಪ್ಪು ಕಂಡರೂ ಅದು ಕಳೆಯಾಗಿಯೇ ತೋರುತ್ತದೆ. ಆ ಹೆಸರುಗಳನ್ನು ಮಕ್ಕಳಿಗೆ ಕಲಿಸೋಣ. ಊಟಕ್ಕೂ ಕಾಪಿಗೂ ನಡುವೆ ಒಂದು ಗಂಟೆಯ ಅಂತರವಿಡೋಣ. ಎಲ್ಲಕ್ಕೂ ಮಿಗಿಲಾಗಿ, ಮನೆಯ ಹೆಣ್ಣುಮಕ್ಕಳಿಗೆ ಕೊನೆಯಲ್ಲಿ ಬಡಿಸುವ ಪದ್ಧತಿಯನ್ನು ಬಿಡೋಣ. ನೆಲದಲ್ಲಿ ಮೂರು ಸಾವಿರ ವರ್ಷಗಳಿಗೂ ಮಿಕ್ಕಿ ಕಬ್ಬಿಣವನ್ನು ಕಂಡುಕೊಂಡು ಬಂದ ಸೀಮೆ ನಮ್ಮದು. ಅದು ನಮ್ಮ ಹೆಣ್ಣುಮಕ್ಕಳ ನೆತ್ತರಿಗೂ ಸಲ್ಲಲಿ.